ಸದ್ದು ಮಾಡಬಾರದ ಮನೆಯಲ್ಲಿ ಅವ್ವನ ಪದ

ಬೆಟಗೇರಿಯ ಹಳೆಯ ಗ್ರಂಥಾಲಯವನ್ನು ಕಲಾಕೇಂದ್ರ ಮಾಡುತ್ತಾರೆಂದು ಕೇಳಿದಾಗ ನಾನು ಕೆಂಡಾಮಂಡಲವಾಗಿದ್ದೆ. ಪುಸ್ತಕಗಳನ್ನು ಹೊಸ ಕಟ್ಟಡಕ್ಕೆ ಸಾಗಿಸಿ ಇಲ್ಲಿ ತಬಲಾ ಬಾರಿಸುವುದೆಂದರೆ! ಒಳಗೆ ಕಾಲಿಟ್ಟ ಮೇಲೆ ಮಾತ್ರ ಆ ಸಿಟ್ಟು ಇಳಿಯಿತು. ಕಮಾನುಗಳಿಗೆ ಬಳಿದಿದ್ದ ಹಸಿರು ಎಣ್ಣೆಬಣ್ಣವನ್ನು ಕೆರೆದು ತೆಗೆದಿದ್ದರು. ಕಲ್ಲು ಮತ್ತೆ ಕಲ್ಲಾಗಿ ಕಾಣುತ್ತಿತ್ತು. ತೇಗದ ಕಪಾಟುಗಳಲ್ಲಿ ಹಾರ್ಮೋನಿಯಂ, ಡೊಳ್ಳು, ನಾಟಕದ ಕಿರೀಟಗಳು ಕೂತಿದ್ದವು. ಒಂದು ಮೊಳೆಯನ್ನೂ ಬೇಕಾಬಿಟ್ಟಿ ಹೊಡೆದಿರಲಿಲ್ಲ. ಮಾಡಿದವರ ಕೈಗೆ ಬಂಗಾರದ ಕಡಗ ತೊಡಿಸಬೇಕು ಅನಿಸಿತು.

ಬಾಗಿಲ ಬಳಿಯ ಕುರ್ಚಿಯಲ್ಲಿ ಹಳೆಯ ಗ್ರಂಥಪಾಲಕರೇ ಇದ್ದರು. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ದಿನಾ ಬಂದು ಕೂರುತ್ತಾರೆ. ನಾವು ಸಣ್ಣವರಿದ್ದಾಗ ಯಾರಾದರೂ ಪಿಸುಗುಟ್ಟಿದರೆ ಸಾಕು, ಮರದ ರೂಲರಿನಿಂದ ಮೇಜಿಗೆ ಟಪ್ಪೆಂದು ಹೊಡೆಯುತ್ತಿದ್ದ ಮನುಷ್ಯ. ಅಪ್ಪನನ್ನು ಊಟಕ್ಕೆ ಕರೆಯಲು ಬರುತ್ತಿದ್ದ ಅವ್ವ ಆ ರೂಲರಿಗೆ ಹೆದರಿ ಹೊಸ್ತಿಲಾಚೆಯೇ ನಿಂತು ಕೈಸನ್ನೆ ಮಾಡುತ್ತಿದ್ದಳು. ಒಳಗೆ ಒಮ್ಮೆಯೂ ಬಂದವಳಲ್ಲ.

ಅವ್ವ ಕೈಮಗ್ಗದ ಮುಂದೆ ಆಯುಷ್ಯ ಕಳೆದವಳು. ಮಗ್ಗದ ಸಪ್ಪಳವನ್ನು ಮೀರಿಸಿ ಹಾಡುತ್ತ ನೇಯುವುದು ನಮ್ಮ ಓಣಿಯ ಹೆಂಗಸರ ರೂಢಿ. ಅವ್ವ ಹಾಡಿದರೆ ಓಣಿಯ ತುದಿಗೂ ಕೇಳುತ್ತಿತ್ತು. ಜೊತೆಗೆ ಹಾಡುತ್ತಿದ್ದವರೆಲ್ಲ ಹೋಗಿ ಈಗ ಆ ಪದಗಳು ಅವಳೊಬ್ಬಳ ಬಾಯಲ್ಲಿ ಉಳಿದಿವೆ. ಅವನ್ನು ಹುಡುಗಿಯರಿಗೆ ಕಲಿಸಬೇಕೆಂದು ಕೇಂದ್ರದವರು ಮನೆಗೇ ಬಂದು ಕೇಳಿದ್ದರು.

“ಒಂದ್ ದಿನಾ ಬಂದು ನೋಡ್ತೀನಿ. ಆಗಲಿಲ್ಲಂದ್ರ ಮತ್ತ ಕರೀಬ್ಯಾಡ್ರಿ” ಅಂದಿದ್ದಳು ಅವ್ವ. ಹಟಮಾರಿ; ಅಂದರೆ ಅಂದದ್ದೇ.

ಆ ಮಾತಿನಂತೆ ಇವತ್ತು ನನ್ನ ಜೊತೆ ಬಂದವಳು, ಜಮಖಾನದ ಮೇಲೆ ಹುಡುಗಿಯರ ಎದುರು ಕೂತು ಹಾಡಲು ಶುರು ಮಾಡಿದಳು. ತುಟಿ ಅಲುಗುತ್ತಿತ್ತು, ದನಿ ಮಾತ್ರ ಪಕ್ಕದಲ್ಲಿದ್ದ ನನಗೂ ಕೇಳಲಿಲ್ಲ.

“ಯವ್ವಾ, ಗಟ್ಟಿ ಹಾಡಬೇ” ಎಂದೆ.

“ಸುಮ್ನಿರಲೇ, ಇಲ್ಲಿ ಸಪ್ಪಳ ಮಾಡಬಾರ್ದು” ಎಂದು ಪಿಸುಗುಟ್ಟಿದಳು.

ಪುಸ್ತಕಗಳು ಹೋಗಿ ಎಷ್ಟು ಕಾಲವಾಗಿತ್ತು! ಅವಳಿಗೆ ಅದು ಇನ್ನೂ ಗ್ರಂಥಾಲಯವೇ. ಹುಡುಗಿಯರು ಮುಖ ಮುಖ ನೋಡಿಕೊಂಡರು. ಇವತ್ತು ಕೆಟ್ಟರೆ ಆ ಪದಗಳು ಅವಳೊಂದಿಗೇ ಹೋಗುತ್ತವೆ.

ಟಪ್! ಗ್ರಂಥಪಾಲಕರ ಊರುಗೋಲು ಕುರ್ಚಿಗೆ ಬಡಿದ ಸದ್ದು. ಅವ್ವ ಬೆಚ್ಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಈ ಮುದುಕನನ್ನು ಕುರ್ಚಿ ಸಮೇತ ಹೊರಗಿಡಬೇಕು ಅನ್ನುವಷ್ಟು ಸಿಟ್ಟು ಬಂತು ನನಗೆ.

“ಏನ್ರಿ ಅಕ್ಕಾರ, ಇಲ್ಲಿತನಾ ಏನೂ ಕೇಳವಲ್ದು. ಜೋರ್ ಹಾಡ್ರಿ!” ಎಂದರು ಅವರು. “ಸುಮ್ನಿರ್ರಿ ಸುಮ್ನಿರ್ರಿ ಅಂದು ಅಂದು ನನಗೂ ಸಾಕಾಗೈತಿ.”

ಅವ್ವ ಸೆರಗು ಇಳಿಸಿ, ಒಮ್ಮೆ ಅವರನ್ನು ನೋಡಿ, ತೊಡೆಯ ಮೇಲೆ ತಾಳ ಹಾಕುತ್ತ ದನಿ ಎತ್ತಿದಳು. ಕಮಾನುಗಳು ಆ ದನಿಯನ್ನು ಹೊತ್ತು ತಿರುಗಿಸಿದ ರೀತಿಗೆ ನನ್ನ ಮೈ ಜುಮ್ಮೆಂದಿತು. ಕಟ್ಟಿದವರಿಗೆ ಗೊತ್ತಿತ್ತೋ ಇಲ್ಲವೋ, ಆ ಕಲ್ಲಿನ ಮನೆ ಹಾಡಿಗೂ ಹೇಳಿ ಮಾಡಿಸಿದಂತಿತ್ತು. ಎರಡನೇ ನುಡಿಗೇ ಹುಡುಗಿಯರು ಸೊಲ್ಲು ಹಿಡಿದರು.

ಆಟೋದಲ್ಲಿ ಮನೆಗೆ ಮರಳುವಾಗ ಅವ್ವ “ಪಾಪ, ಆ ಯಪ್ಪನ ಕಿವಿ ಮಂದ ಆಗ್ಯಾವ” ಎಂದಳು. ನಾನು ನಕ್ಕುಬಿಟ್ಟೆ. ಆಟೋ ಇಳಿದು ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಆಕೆಯೇ ಮತ್ತೆ ಹೇಳಿದಳು: “ನಾಳಿ ಜಲ್ದಿ ಹೋಗೂಣು. ನೀ ಬೇಕಾದ್ರ ಬಾಗಲ್ದಾಗ ನಿಂದ್ರು. ನಾ ಒಳಗ ಹೊಕ್ಕೀನಿ.”