ಹಣ್ಣು ಮೆಣಸಿನಕಾಯಿಯ ಸಾಕ್ಷಿ

ಅರಸೀಕೆರೆಯಲ್ಲಿ ಬಾಗಿಲು ತೆಗೆದರೆ ಸಾಕು, ಮಂಡಿಯ ಕೊಬ್ಬರಿ ವಾಸನೆ ಮನೆಯೊಳಗೆ ನುಗ್ಗುತ್ತಿದ್ದ ಕಾಲ ಅದು. ನನಗಾಗ ಒಂಬತ್ತು ವರ್ಷ. ಅಪ್ಪ ಪೇಟೆಯ ಅಮ್ಮನವರ ಗುಡಿಯ ಅರ್ಚಕರು. ಪಕ್ಕದ ಮನೆಯವರು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಸಂಜೆಯಾದರೆ ಜಗಲಿಯ ಮೇಲೆ ಇಬ್ಬರದೂ ಒಂದೇ ಜಗಳ.

"ಇನ್ನು ಐವತ್ತು ವರ್ಷ ಸ್ವಾಮಿ. ವಿಜ್ಞಾನ ಎಲ್ಲಾನೂ ಹೇಳುತ್ತೆ, ನಿಮ್ಮ ಗುಡಿಗೆ ಬೀಗ ಬೀಳುತ್ತೆ" ಎಂದು ಮೇಷ್ಟ್ರು.

"ಅಲ್ಲೀವರೆಗೆ ಪ್ರಸಾದ ತಗೊಳ್ಳಿ" ಎಂದು ಅಪ್ಪ. ಪುಳಿಯೋಗರೆಯನ್ನು ಮಾತ್ರ ಮೇಷ್ಟ್ರು ಒಂದು ದಿನವೂ ಬೇಡ ಎಂದವರಲ್ಲ!

ಆ ಶ್ರಾವಣದಲ್ಲಿ ಅಪ್ಪ ಜ್ವರದಿಂದ ಮಲಗಿದರು. ಹದಿನೈದು ವರ್ಷದ ನನ್ನ ಅಣ್ಣ ಸೀನ ಮೊದಲ ಸಲ ಒಬ್ಬನೇ ಶುಕ್ರವಾರದ ಅಲಂಕಾರ ಮಾಡಿದ. ಮಗಳ ಹೆರಿಗೆ ಸುಸೂತ್ರವಾಯಿತೆಂದು ಕೊಬ್ಬರಿ ವ್ಯಾಪಾರದವರ ಮನೆಯ ಗೌರಮ್ಮನವರು ಹರಕೆಯ ಕೆಂಪು ಸೀರೆ ಕೊಟ್ಟಿದ್ದರು. ಆಕೆ ಬಂದು ನೋಡಿದರೆ ಅಮ್ಮನವರ ಮೈಮೇಲೆ ಹಳೆಯ ಹಸಿರು ಸೀರೆ.

"ಇದೇನಪ್ಪಾ, ನಾನು ಕೊಟ್ಟಿದ್ದು ಕೆಂಪು, ಇಲ್ಲಿ ಹಸಿರೈತಲ್ಲ?"

"ಇದೇ ಕೆಂಪು ಸೀರೆ ಅಲ್ವಾ ಗೌರಮ್ಮನೋರೇ" ಎಂದ ಅಣ್ಣ.

ಸುದ್ದಿ ಅಪ್ಪನ ಹಾಸಿಗೆಗೇ ಬಂತು. "ತಪ್ಪಾಯ್ತು ಅಂದಿದ್ರೆ ಮುಗೀತಿತ್ತು. ದೇವರ ಎದುರಿಗೆ ನಿಂತು ಸುಳ್ಳು ಹೇಳ್ತೀಯೇನೋ? ಇನ್ಮೇಲೆ ಗರ್ಭಗುಡಿ ಹೊಸಿಲು ತುಳೀಬೇಡ!"

ಅಣ್ಣ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ನಾನು ಸುಳ್ಳು ಹೇಳಿಲ್ಲ ಕಣೇ ಪುಟ್ಟಿ" ಎಂದಾಗ ನಾನೂ ನಂಬಲಿಲ್ಲ. ಪಾಪಿ ನಾನು, ಇವತ್ತಿಗೂ ಅದು ಕೊರೆಯುತ್ತದೆ.

ಹಿತ್ತಲಿನ ಮೆಣಸಿನ ಗಿಡ ಕಂಡಾಗಲೇ ನನಗೆ ಹೊಳೆದದ್ದು. ಹಣ್ಣು ಮೆಣಸಿನಕಾಯಿ ಕಿತ್ತು ತಾ ಅಂದರೆ ಇವನು ಹಸಿಯದನ್ನೂ ಬೆರೆಸಿ ತಂದು, ಸೋಮಾರಿ ಅಂತ ಅಮ್ಮನ ಹತ್ತಿರ ಬೈಸಿಕೊಳ್ಳುತ್ತಿದ್ದ. ಓಡಿಹೋಗಿ ಮೇಷ್ಟ್ರಿಗೆ ಹೇಳಿದೆ.

ಮೇಷ್ಟ್ರು ಬಂದು ಹಣ್ಣು, ಹಸಿ ಎರಡನ್ನೂ ಮೊರದಲ್ಲಿ ಬೆರೆಸಿ, "ಬೇರೆ ಮಾಡು ಸೀನ" ಅಂದರು. ಅಣ್ಣ ಒಂದೊಂದನ್ನೂ ಕಣ್ಣ ಹತ್ತಿರ ಹಿಡಿದು, ಬೆವರುತ್ತಾ ಎರಡು ಗುಡ್ಡೆ ಮಾಡಿದ. ಎರಡರಲ್ಲೂ ಎರಡೂ ಇದ್ದವು.

"ನೋಡಿ ಸ್ವಾಮಿ, ಸುಳ್ಳಲ್ಲ, ಕಣ್ಣು. ಕೆಂಪು ಹಸಿರು ಇವನಿಗೆ ಒಂದೇ ಥರ. ಹುಟ್ಟಿದಾಗಿನಿಂದ ಹೀಗೇ."

ಅಪ್ಪ ಕಂಬಳಿ ಸರಿಸಿ ಎದ್ದು ಬಂದು ಅಣ್ಣನನ್ನು ತಬ್ಬಿಕೊಂಡರು. "ಸದ್ಯ! ನನ್ನ ಮಗ ಸುಳ್ಳ ಅಲ್ಲ." ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನಗೋ ಕುಣಿಯುವಷ್ಟು ಖುಷಿ.

ಆಮೇಲೆ ಅಪ್ಪ ಕೇಳಿದರು: "ಅಲ್ಲ ಮೇಷ್ಟ್ರೇ, ಹಾಗಾದ್ರೆ ಕೆಂಪು ಸೀರೆ ಉಟ್ಟ ದೇವಿ ಇವನಿಗೆ ಹೇಗೆ ಕಾಣಿಸ್ತಾಳೆ?"

ಮೇಷ್ಟ್ರು ತಲೆ ಕೆರೆದುಕೊಂಡರು. "ಅದು ನಮ್ಮ ಪುಸ್ತಕದಲ್ಲಿಲ್ಲ ಸ್ವಾಮಿ."

"ನನ್ನ ಮಂತ್ರದಲ್ಲೂ ಇಲ್ಲ ಬಿಡಿ" ಎಂದು ಅಪ್ಪ ನಕ್ಕರು.

ಇಬ್ಬರೂ ಅಣ್ಣನ ಕಡೆ ತಿರುಗಿದರು. "ಚೆನ್ನಾಗೇ ಕಾಣಿಸ್ತಾಳೆ" ಅಂದ ಅವನು. "ಹೊಸ ಬೆಲ್ಲದ ಥರ."

ಅಮ್ಮ ಕೆಂಪು ಸೀರೆಗಳ ಮೂಲೆಗೆಲ್ಲ ಒಂದೊಂದು ದಾರದ ಗಂಟು ಹಾಕಿಟ್ಟಳು. ಮುಂದಿನ ಶುಕ್ರವಾರ ಗಂಟನ್ನು ತಡವಿ ನೋಡಿ, ಗೌರಮ್ಮನವರ ಸೀರೆಯನ್ನು ಅಣ್ಣನೇ ಉಡಿಸಿದ.

ಮೇಷ್ಟ್ರು ಹೇಳಿದ ಐವತ್ತು ವರ್ಷ ಎಂದೋ ದಾಟಿತು. ಗುಡಿಗೆ ಬೀಗ ಬೀಳಲಿಲ್ಲ, ವಿಜ್ಞಾನವೂ ನಿಲ್ಲಲಿಲ್ಲ. ಜಗಲಿ ಹೋಯಿತು, ಜಗಳವಾಡಿ ಪುಳಿಯೋಗರೆ ತಿನ್ನುತ್ತಿದ್ದವರು ಹೋದರು. ಹೋದ ವರ್ಷ ಅಣ್ಣನೂ ಹೋದ. ಮೊನ್ನೆ ಶುಕ್ರವಾರ ಅಮ್ಮನವರಿಗೆ ಕೆಂಪು ಸೀರೆ ಉಡಿಸಿದ್ದರು. ಹೊಸ ಬೆಲ್ಲದ ಥರ ಕಂಡೀತೇ ಎಂದು ಬಹಳ ಹೊತ್ತು ನಿಂತು ನೋಡಿದೆ. ನನಗೆ ಬರೀ ಕೆಂಪೇ ಕಂಡಿತು.