ಕೆಂಚಣ್ಣನ ದನಿ ಕಡಿಯುವ ಜಾಗ

ಆದೋನಿಯಲ್ಲಿ ನಾನು ಕೆಲಸ ಮಾಡುವ ಅಂಗಡಿಯ ಬೋರ್ಡಿನ ಮೇಲೆ ‘ಎಲ್ಲಾ ವಿಧದ ಸೌಂಡ್ ಸಿಸ್ಟಮ್ ರಿಪೇರಿ’ ಎಂದು ಬರೆದಿದೆ. ರಿಪೇರಿ ಎಂದರೆ ನಾನೇ. ಹಾಡು ಕೇಳದಿದ್ದರೆ ಫ್ಯೂಸ್ ಬದಲಿಸುತ್ತೇನೆ. ಆಗಲೂ ಕೇಳದಿದ್ದರೆ ವೈರ್ ಬದಲಿಸುತ್ತೇನೆ. ಆಗಲೂ ಕೇಳದಿದ್ದರೆ ಗಿರಾಕಿಯ ಮುಖ ನೋಡದೆ ‘ಬೋರ್ಡ್ ಹೋಗೇತ್ರಿ’ ಎನ್ನುತ್ತೇನೆ. ಇಷ್ಟು ವಿದ್ಯೆಯಲ್ಲಿ ನನ್ನ ಸಂಬಳ ಆರಾಮಾಗಿ ನಡೆಯುತ್ತಿತ್ತು, ಕೆಂಚಣ್ಣನ ಬೈಕು ಬರುವವರೆಗೂ.

ಕೆಂಚಣ್ಣ ಕೌತಾಳಂ ಕಡೆಯವನು. ಊರೂರು ತಿರುಗಿ ಹೆಂಗಸರ ಉದುರಿದ ಕೂದಲು ತಗೊಂಡು ಸ್ಟೀಲ್ ಪಾತ್ರೆ ಕೊಡುವವನು. ಮೊದಲು ಸೈಕಲ್ಲಿನಲ್ಲಿ, ಆಮೇಲೆ ಬೈಕಿನಲ್ಲಿ, ಅರ್ಧ ಆಯುಷ್ಯ ಕೂಗಿಯೇ ಕಳೆದಿದ್ದ. ಹೋದ ವರ್ಷ ಗಂಟಲಲ್ಲಿ ಗಡ್ಡೆ ಕಂಡಿತು. ಕರ್ನೂಲಿನಲ್ಲಿ ಆಪರೇಷನ್ ಆಯಿತು. ಪ್ರಾಣ ಉಳಿಯಿತು, ದನಿ ಹೋಯಿತು. ಈಗ ಅವನು ಮಾತಾಡಿದರೆ ಸೈಕಲ್ ಟ್ಯೂಬಿನಿಂದ ಗಾಳಿ ಬಿಟ್ಟಂತೆ ಕೇಳುತ್ತದೆ.

ಹೆಂಡತಿ ಗಿಡ್ಡಮ್ಮ ಜಾಣೆ. ಆಸ್ಪತ್ರೆಗೆ ಹೊರಡುವ ಮುನ್ನ ಗಂಡನನ್ನು ಮಾಳಿಗೆ ಮೇಲೆ ಕೂರಿಸಿ, ಕೂಗಿಸಿ, ಮೊಬೈಲಿನಲ್ಲಿ ತುಂಬಿಕೊಂಡಿದ್ದಳು. ‘ಕೂದ್ಲಕ್ಕ ಪಾತ್ರಿ ಬರ್ರೀ ಅಕ್ಕಾ, ಕೆಂಚಣ್ಣ ಬಂದಾನ! ವೆಂಟ್ರುಕಲಕಿ ಗಿನ್ನೆಲಮ್ಮಾ!’ ಅದೇ ಮಾತು ತೆಲುಗಿನಲ್ಲೂ. ಹಿಂದೆ ಒಂದು ಕೋಳಿಯ ಸದ್ದೂ ಇದೆ. ಈಗ ಬೈಕಿನ ಮುಂದಿರುವ ಕೊಂಬಿನ ಸ್ಪೀಕರಿನಿಂದ ಕೆಂಚಣ್ಣನೂ ಕೋಳಿಯೂ ಊರೂರಿಗೆ ಹೋಗುತ್ತಾರೆ. ಹೋಗಬೇಕು. ಆದರೆ ಊರೊಳಗೆ ಹೊಕ್ಕ ಕೂಡಲೇ ದನಿ ಕಡಿಯುತ್ತದೆ. ಬರುತ್ತದೆ, ಹೋಗುತ್ತದೆ, ಬರುವುದೇ ಇಲ್ಲ.

ಅಂಗಡಿ ಮುಂದೆ ಮಾತ್ರ ಒಂದು ಸಲವೂ ಕಡಿಯಲಿಲ್ಲ. ಇಡೀ ಮಧ್ಯಾಹ್ನ ಕೂಗಿತು.

“ಏ ಭರತ್, ಅದರ ಬಾಯಿ ಮುಚ್ಚಲೇ!” ಎಂದು ಗಲ್ಲಾಪೆಟ್ಟಿಗೆಯ ಬಳಿಯಿಂದ ಸಾವುಕಾರ ವಾಗೀಶಪ್ಪ ಚೀರಿದರು. “ನನ್ನ ತಲಿಯಾಗಿರೋ ನಾಕು ಕೂದ್ಲಾನೂ ಕಿತ್ತು ಕೊಡಬೇಕಂತ ಅನಸಾಕತ್ತೇತಿ.”

ನಾನು ಫ್ಯೂಸ್ ಬದಲಿಸಿದೆ. “ಆತು ಬಿಡು ಕೆಂಚಣ್ಣ, ಇನ್ನ ಕಡಿಯಂಗಿಲ್ಲ” ಎಂದೆ. ಅವನು ಹೋದ, ಬಂದ. ವೈರ್ ಬದಲಿಸಿದೆ. ಅದೇ ಮಾತು ಹೇಳಿದೆ. ಹೋದ, ಬಂದ. ಬ್ಯಾಟರಿ ಉಜ್ಜಿದೆ, ಪಿನ್ ಬದಲಿಸಿದೆ, ಸೀಟಿನ ಹಿಂದಿನ ಆಂಪ್ಲಿಫೈಯರ್ ಪೆಟ್ಟಿಗೆಯನ್ನೇ ಬದಲಿಸಿದೆ. ನನ್ನ ಮೂರೂ ವಿದ್ಯೆ ಮುಗಿದವು. ಪ್ರತಿ ಸಲವೂ ಅವನು ಬಯ್ಯದೆ ನಗುತ್ತಿದ್ದ. ಬಯ್ಯಲು ಅವನಿಗೆ ದನಿಯೆಲ್ಲಿತ್ತು?

ಕೊನೆಗೆ ತಪ್ಪೆಲ್ಲ ರೆಕಾರ್ಡಿಂಗಿನದು ಎಂದು ತೀರ್ಪು ಕೊಟ್ಟೆ. ಪೇಟೆಯಲ್ಲಿ ಸಿಗುವ ರೆಡಿಮೇಡ್ ಕೂಗು ತಂದು ಹಾಕಿದೆ. ಯಾರೋ ಹೆಂಗಸು, ಜೇನಿನಂಥ ದನಿ. ಯಾಕೋ ಗೊತ್ತಿಲ್ಲ, ಆ ದಿನ ಅದು ಬೆಳಗಿನಿಂದ ಸಂಜೆವರೆಗೆ ಒಂದಕ್ಷರವೂ ಕಡಿಯಲಿಲ್ಲವಂತೆ. ನಾನು ಅಂಗಡಿಯಲ್ಲಿ ಎಲ್ಲರಿಗೂ ಚಹಾ ಕುಡಿಸಿದೆ.

ಮರುದಿನ ಕೆಂಚಣ್ಣನ ಜೊತೆ ಗಿಡ್ಡಮ್ಮ ಬಂದಳು.

“ಏನ್ ರಿಪೇರಿ ಮಾಡೀಯಪ್ಪಾ? ನಿನ್ನೆ ಒಬ್ಬಾಕಿನೂ ಹೊರಗ ಬರಲಿಲ್ಲ!”

“ದನಿ ಕೇಳಿಸಿಲ್ಲೇನಬೇ?”

“ಕೇಳಿಸೇತಿ. ಯಾರದೋ ದನಿ ಅಂತ ಬಾಗಲಾ ಹಾಕ್ಕೊಂಡಾರ. ತಲಿಕೂದ್ಲು ಅಂದ್ರ ಏನಂತ ತಿಳಿದೀ? ಗೊತ್ತಿಲ್ಲದವರ ಕೈಯಾಗ ಕೊಟ್ರ ಮಾಟ ಮಾಡಸ್ತಾರ. ನಿಮ್ಮವ್ವ ಕೊಡ್ತಾಳೇನು?”

ನಮ್ಮವ್ವ ಕೊಡುವುದಿಲ್ಲ. ಬಾಚಿದ ಕೂದಲನ್ನು ಉಂಡೆ ಮಾಡಿ, ಗೋಡೆಯ ಸಂದಿಗೆ ತುರುಕಿ, ಗುರುತಿನವನು ಬರುವವರೆಗೆ ಕಾಯುತ್ತಾಳೆ. ಇದನ್ನು ಹುಟ್ಟಿದಾಗಿನಿಂದ ನೋಡಿದ ನಾನೇ ಊರೂರಿಗೆ ಅಪರಿಚಿತಳೊಬ್ಬಳನ್ನು ಕಳಿಸಿದ್ದೆ.

ಕೆಂಚಣ್ಣ ನನ್ನ ಕಿವಿಯ ಹತ್ತಿರ ಬಾಗಿ ಉಸಿರಿನಲ್ಲೇ ಹೇಳಿದ: “ಒಂದೂರಾಗ ಕಿಡಕ್ಯಾಗಿಂದ ಕೇಳಿದ್ರು ತಮ್ಮಾ, ‘ಕೆಂಚಣ್ಣ ಸತ್ತಾನಂತಲ್ಲ, ನೀ ಯಾರು?’ ಅಂತ. ನನ್ನ ಮುಖ ನೋಡಿಕೊಂಡೇ ಕೇಳಿದ್ರು.”

ಹಳೆಯ ದನಿಯನ್ನೇ ಹಾಕಿದೆ. ಅದು ಮೊದಲಿನಂತೆಯೇ ಕಡಿಯಿತು.

ನನ್ನ ವಾರದ ರಜೆಯ ದಿನ ನಾನೇ ಅವನ ಜೊತೆ ಹೊರಟೆ. ಅರ್ಧ ಪಾತ್ರೆ ಮನೆಯಲ್ಲಿ ಇಳಿಸಿ ಹಿಂದೆ ನನಗೆ ಜಾಗ ಮಾಡಿದ. ತೊಡೆಯ ಮೇಲೆ ಇಡ್ಲಿ ಕುಕ್ಕರ್, ಬೆನ್ನಿಗೆ ತಪ್ಪಲೆ. ಊರ ಹೊರಗೆಲ್ಲ ದನಿ ಗಟ್ಟಿಯಾಗಿತ್ತು. ಹೊಲದಲ್ಲಿ ಹತ್ತಿ ಬಿಡಿಸುವವರು ಕೈಯೆತ್ತಿದರು. ಮೊದಲ ಓಣಿಗೆ ತಿರುಗಿದೆವು, ‘ಕೂದ್ಲಕ್ಕ’ ಎಂದದ್ದೇ ನಿಂತಿತು.

ಹಿಂದೆ ಕೈ ಹಾಕಿ ತಡಕಾಡಿದೆ. ಆಂಪ್ಲಿಫೈಯರ್ ಪೆಟ್ಟಿಗೆಯೊಳಗೆ ವೈರ್ ಹೋಗುವಲ್ಲಿ ಹೆಬ್ಬೆರಳಿನಿಂದ ಒತ್ತಿದೆ. ‘ಕೆಂಚಣ್ಣ ಬಂದಾನ!’ ಬಿಟ್ಟೆ, ನಿಂತಿತು. ಒತ್ತಿದೆ, ಕೋಳಿ ಕೂಗಿತು. ಜಾಗ ಸಿಕ್ಕಿತೆಂದು ನಾನೂ ಕೂಗಿದೆ. ಟೇಪು ಸುತ್ತಿದೆ, ಕಡಿಯಿತು. ಬೆಂಕಿಕಡ್ಡಿ ತುರುಕಿದೆ, ಕಡಿಯಿತು. ದಾರ ಬಿಗಿದೆ, ಕಡಿಯಿತು. ಹೆಬ್ಬೆರಳೊಂದಕ್ಕೇ ಅದು ಒಲಿಯುತ್ತಿತ್ತು.

ಹಾಗೇ ಒತ್ತಿಕೊಂಡೇ ಕೂತೆ. ಬಾಗಿಲುಗಳು ತೆರೆದವು. ಹೆಂಗಸರು ಸಂದಿಯಿಂದ ಕೂದಲುಂಡೆ ತೆಗೆದು ಸೆರಗಿನಲ್ಲಿ ಹಿಡಿದು ಬಂದರು.

“ಅಯ್ಯ, ಬದುಕೀಯೇನೋ ಕೆಂಚಣ್ಣ! ನಿನ್ನ ಪಾಲಿನ ಕೂದ್ಲು ಒಲಿಗೆ ಹಾಕಬೇಕಂತಿದ್ದೆ,” ಎಂದಳು ಶಿವಲಕ್ಷ್ಮಿ ಎಂಬ ಮುದುಕಿ. ನನ್ನನ್ನು ತೋರಿಸಿ, “ಇವನ್ಯಾರು? ಹಿಂದ ಕೈಯಿಟ್ಕೊಂಡು ಕೂತಾನ, ಬಾವು ಎದ್ದೇತೇನು?”

“ಇಂವ ರಿಪೇರಿಯವ,” ಎಂದು ಕೆಂಚಣ್ಣ ಉಸುರಿದ.

“ರಿಪೇರಿಯಾತೇನು?”

ಕೆಂಚಣ್ಣ ನನ್ನ ಕಡೆ ನೋಡಿದ. ನಾನು ಇಡ್ಲಿ ಕುಕ್ಕರನ್ನು ನೋಡಿದೆ.

ಸಂಜೆ ಅವರ ಮನೆಯಲ್ಲಿ ಮಂಡಕ್ಕಿಯ ಉಗ್ಗಾನಿ ತಿನ್ನುವಾಗ ಆ ಬೆರಳು ಬಾಗಲೇ ಇಲ್ಲ. ಗಿಡ್ಡಮ್ಮ ಕೂದಲ ಚೀಲ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. “ನಾನೇ ಹಿಂದ ಕೂತು ಒತ್ತಲೇನು?” ಎಂದಳು. ಆಮೇಲೆ ತಾನೇ ಹೇಳಿಕೊಂಡಳು: “ನಾ ಕೂತ್ರ ಪಾತ್ರಿ ಎಲ್ಲಿ ಇಡೋದು? ಹತ್ತಿ ಮಿಲ್ಲಿನ ನನ್ನ ಕೂಲಿ ಬಿಟ್ರ ಉಣ್ಣೋದೇನು?” ಇಬ್ಬರೂ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು.

ಮರುದಿನ ಅಂಗಡಿಯಲ್ಲಿ ಪೆಟ್ಟಿಗೆ ಬಿಚ್ಚಿ ಆ ಜಾಗಕ್ಕೆ ಹೊಸದಾಗಿ ಬೆಸುಗೆ ಹಾಕಿದೆ. ಸ್ಟ್ಯಾಂಡಿನ ಮೇಲೆ ಬೈಕನ್ನು ಅಲ್ಲಾಡಿಸಿದೆ, ಒದ್ದೆ, ಹ್ಯಾಂಡಲ್ ತಿರುಗಿಸಿದೆ. ದನಿ ಗಂಟೆಯಂತೆ ಮೊಳಗಿತು. ಈ ಅಂಗಡಿಯ ಮುಂದೆ ಅದು ಯಾವತ್ತು ಕಡಿದಿತ್ತು?

“ಇವತ್ತು ನಿನಗ ರಜಾ ಇಲ್ಲೇನು ತಮ್ಮಾ?” ಎಂದ ಕೆಂಚಣ್ಣ.

“ಇಲ್ಲ ಕೆಂಚಣ್ಣ.”

“ಹೋಗಲಿ ಬಿಡು.”

ಈ ಸಲ ‘ಇನ್ನ ಕಡಿಯಂಗಿಲ್ಲ’ ಎನ್ನಲು ನನಗೆ ಬಾಯಿ ಬರಲಿಲ್ಲ. ಅವನು ಪಾತ್ರೆಗಳ ಹಗ್ಗ ಬಿಗಿದು, ಕೂಗು ಹಚ್ಚಿ, ಕೌತಾಳಂ ದಾರಿಗೆ ಬೈಕು ತಿರುಗಿಸಿದ. ನಾನು ಮೆಟ್ಟಿಲ ಮೇಲೆ ನಿಂತು ಕಿವಿಗೊಟ್ಟೆ. ತಿರುವಿನ ತನಕ ಕೆಂಚಣ್ಣ ಬಂದಾನ, ಕೆಂಚಣ್ಣ ಬಂದಾನ ಎಂದು ಕೇಳುತ್ತಲೇ ಇತ್ತು. ಅಷ್ಟರಲ್ಲಿ ಹತ್ತಿ ಲಾರಿಯೊಂದು ಹಾರ್ನ್ ಹೊಡೆಯುತ್ತ ಅಡ್ಡ ಬಂತು. ಅದು ದಾಟಿದ ಮೇಲೆ ಏನೂ ಕೇಳಲಿಲ್ಲ. ಅವನು ದೂರ ಹೋಗಿದ್ದನೋ, ದನಿಯೇ ಹೋಗಿತ್ತೋ, ನನಗೆ ತಿಳಿಯಲಿಲ್ಲ.