ಅಕ್ಕ ಕಲಿಸದ ಹಾಡು

ಚಿಂತೆ ಮಾಡುವುದೇ ನನ್ನ ಮುಖ್ಯ ಉದ್ಯೋಗ. ಶಾಲೆಯಲ್ಲಿ ಪಾಠ ಹೇಳುವುದು ಉಪಕಸುಬು. ಬಾಗಿಲಿಗೆ ಕೀಲಿ ಹಾಕಿ ಓಣಿಯ ತುದಿ ಮುಟ್ಟಿದ ಮೇಲೆ ತಿರುಗಿ ಬಂದು ಕೀಲಿಯನ್ನು ಎಳೆದು ನೋಡುವವಳು ನಾನು. ಮಳೆ ಬಾರದಿದ್ದರೆ ಬರಲಿಲ್ಲವೆಂದು ಕೊರಗುತ್ತೇನೆ, ಬಂದರೆ ಶಾಲೆಯ ಮಾಳಿಗೆ ಸೋರೀತೆಂದು ಕೊರಗುತ್ತೇನೆ. ಹೀಗಿರುವಾಗ ಮೊನ್ನೆ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಪಾಟಿ ಒರೆಸುತ್ತ ಒಂದು ಹಾಡು ಗುನುಗುತ್ತಿದ್ದಳು. ಯಾವುದೋ ಮದುವೆಮನೆಯ ಧ್ವನಿವರ್ಧಕದಲ್ಲಿ ಕೇಳಿದ ಸಿನಿಮಾ ಹಾಡು. ಕಟ್ಟೆಯ ಮೇಲೆ ಕುಳಿತ ಗಂಡಸರು ಒಬ್ಬರನ್ನೊಬ್ಬರು ನೋಡಿ ನಗುವಂಥ ಹಾಡು.

"ಅದನ್ನ ಹಾಡಬ್ಯಾಡ," ಅಂದೆ.

"ಯಾಕ್ರೀ ಅಕ್ಕೋರ?"

ನಮ್ಮ ಕಡೆ ಪಾಠ ಹೇಳುವ ಹೆಂಗಸನ್ನು ಮಕ್ಕಳು ಕರೆಯುವುದೇ ಹಾಗೆ. ನನಗೆ ಕೆಮ್ಮು ಬಂತು. ಕೆಮ್ಮು ಮುಗಿಸಿ, "ಶುದ್ಧಬರಹ ತೆಗಿ," ಅಂದುಬಿಟ್ಟೆ. ಇದೇ ಪ್ರಶ್ನೆಯನ್ನು ಒಂದು ಕಾಲಕ್ಕೆ ನಾನು ನನ್ನ ಅಕ್ಕನಿಗೆ ಕೇಳಿದ್ದೆ. ಅವಳಿಗೂ ಆಗ ನೆನಪಾದದ್ದು ಬೇರೆ ಕೆಲಸವೇ. ಅಕ್ಕ ಈಗಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ, ಇದ್ದಿದ್ದರೆ ಬರೆಯುವ ಧೈರ್ಯ ನನಗಿರುತ್ತಿರಲಿಲ್ಲ.

ಅದು ಎರಡನೆಯ ದೊಡ್ಡ ಯುದ್ಧದ ಕಾಲ. ನಾವು ಕುಷ್ಟಗಿಯಲ್ಲಿದ್ದೆವು. ಅಪ್ಪ ಮೋಟಾರು ನಿಲ್ಲುವಲ್ಲಿ ಹಮಾಲಿ ಮಾಡುತ್ತಿದ್ದ. ಅವ್ವ ಕಂಡವರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ಮನೆಯಲ್ಲಿ ನನ್ನನ್ನು ನೋಡಿಕೊಳ್ಳುವವರು ಬೇಕಿತ್ತಲ್ಲ, ಅದಕ್ಕೇ ಅಕ್ಕನ ಮದುವೆ ತಡವಾಗಿ ಹದಿನೆಂಟು ತುಂಬಿತ್ತು. ಆ ಕಾಲಕ್ಕೆ ಅದು ಓಣಿಯವರು ಆಡಿಕೊಳ್ಳುವ ವಯಸ್ಸು. ನನಗೆ ಏಳೋ ಎಂಟೋ.

ಮಧ್ಯಾಹ್ನ ಅಪ್ಪನಿಗೆ ರೊಟ್ಟಿ ಬುತ್ತಿ ಒಯ್ಯುವುದು ನನ್ನ ಕೆಲಸ. ಪೆಟ್ರೋಲು ಸಿಗದೆ ಆಗ ಮೋಟಾರುಗಳು ಇದ್ದಲಿಯ ಮೇಲೆ ಓಡುತ್ತಿದ್ದವು. ಹಿಂದೆ ಕಟ್ಟಿದ ಒಲೆಗೆ ಇದ್ದಲಿ ತುಂಬಿ, ಗಾಳಿಯ ಚಕ್ರ ತಿರುವಿ ತಿರುವಿ ಕ್ಲೀನರನ ರಟ್ಟೆ ಬಿದ್ದುಹೋದ ಮೇಲೆ ಗಾಡಿಗೆ ಜೀವ ಬರುತ್ತಿತ್ತು. ಅಷ್ಟು ಹೊತ್ತು ಪ್ರಯಾಣಿಕರು ಚಹಾದಂಗಡಿಯಲ್ಲಿ. ಅಂಗಡಿಯವನ ಹತ್ತಿರ ಕಹಳೆಯಂಥ ಬಾಯಿಯ ಗ್ರಾಮಾಫೋನು ಇತ್ತು. ಅದರ ಮೇಲೆ ತಿರುಗುವ ಕಪ್ಪು ಪ್ಲೇಟಿನ ಒಂದು ಮಗ್ಗುಲಲ್ಲಿ ದೇವರ ಹಾಡು, ಇನ್ನೊಂದು ಮಗ್ಗುಲಲ್ಲಿ ಯಾವುದೋ ನಾಟಕ ಕಂಪನಿಯ ಹಾಸ್ಯದ ಜೋಡಿಯ ಹಾಡು. ಬೆಳಿಗ್ಗೆ ಒಂದು ಸಲ ದೇವರು. ಆಮೇಲೆ ದಿನವಿಡೀ ಇನ್ನೊಂದು.

ಆ ಹಾಡಿನ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಮರೆತಿದ್ದೇನೆಂದಲ್ಲ. ಹತ್ತೊಂಬತ್ತರ ಮಗ್ಗಿ ಮಕ್ಕಳ ಮುಂದೆ ಈಗಲೂ ನಡುವೆ ತಪ್ಪುತ್ತದೆ. ಆ ಹಾಡು ಒಂದಕ್ಷರ ತಪ್ಪುವುದಿಲ್ಲ. ಗಂಡಹೆಂಡಿರು ಬಾಗಿಲು ಹಾಕಿಕೊಂಡ ಮೇಲಿನ ಸಂಗತಿಯನ್ನು ಬಾಗಿಲು ತೆರೆದಿಟ್ಟು ಹಾಡಿದ್ದು ಎಂದರೆ ಸಾಕು. ಆಗ ನನಗೆ ಅರ್ಥವಾದದ್ದು ಅದರ ಧಾಟಿ ಮಾತ್ರ. ಕುಣಿಯುವ ಕರುವಿನಂಥ ಧಾಟಿ. "ಬುತ್ತಿ ಕೊಟ್ಟು ಸೀದಾ ಮನಿಗೆ ಹೋಗಬೇಕು. ಅಂಗಡಿ ಹಂತ್ಯಾಕ ನಿಂತೀ ಅಂದ್ರ ಕಾಲ ಮುರೀತೀನಿ," ಎಂದು ಅಪ್ಪ ಹೇಳಿದ್ದ. ಅದಕ್ಕೇ ನಾನು ಅಂಗಡಿಯ ಹಿಂದಿನ ಗೋಡೆಗೆ ಆತು ಕೂಡುತ್ತಿದ್ದೆ. ಅಲ್ಲಿಗೂ ಚೆನ್ನಾಗಿ ಕೇಳುತ್ತಿತ್ತು.

ಒಂದು ದಿನ ಅಕ್ಕ ಬೀಸುವಾಗ ಎದುರು ಕುಳಿತು ಹಾಡಿದೆ. ಅಕ್ಕನ ಬೀಸುವ ಪದಗಳೆಂದರೆ ನೀರಿಗೆ ಹೋಗುವವರು ಕೊಡ ಇಳಿಸಿ ಕೇಳುತ್ತಿದ್ದರು. ಅವಳಿಗೆ ನನ್ನ ಹೊಸ ಹಾಡನ್ನು ಕೇಳಿಸಬೇಕೆಂಬ ಹಿಗ್ಗು ನನ್ನದು. ಅಕ್ಕ ಕಲ್ಲು ನಿಲ್ಲಿಸಿದಳು.

"ಎಲ್ಲಿ ಕೇಳಿದಿ ಇದನ್ನ?"

"ಮೋಟಾರ ನಿಂದ್ರೂವಲ್ಲಿ. ಅಪ್ಪಗ ಹೇಳಬ್ಯಾಡ."

"ಹೇಳೂದಿಲ್ಲ. ಆದ್ರ ಇನ್ನೊಮ್ಮಿ ಹಾಡಬ್ಯಾಡ."

"ಯಾಕ?"

ಅಕ್ಕನ ಮುಖ ಕೆಂಪಾಯಿತು. "ಯಾಕಂದ್ರ... ಬ್ಯಾಡ ಅಂದ್ರ ಬ್ಯಾಡ. ಹೋಗು, ಮೊರ ತೊಗೊಂಬಾ."

ನಾನು ಮೊರ ತಂದುಕೊಟ್ಟೆ. ಜೊತೆಗೆ ನನ್ನದೇ ಒಂದು ಅರ್ಥ ಹಚ್ಚಿಕೊಂಡೆ. ಅವ್ವ ತನ್ನ ಒಂದೇ ಇಳಕಲ್ಲ ಸೀರೆಯನ್ನು ಗಂಟಿನಲ್ಲಿಟ್ಟು, ದಿನಾ ಉಡಬಾರದು ಎನ್ನುತ್ತಿದ್ದಳು. ಈ ಹಾಡೂ ಅಂಥದೇ ಇರಬೇಕು, ಬೀಸುವ ಕಲ್ಲಿನ ಮುಂದೆ ಹಾಳುಮಾಡುವಂಥದಲ್ಲ, ದೊಡ್ಡವರು ಬಂದಾಗ ತೆಗೆಯತಕ್ಕದ್ದು.

ದೊಡ್ಡವರು ಬಂದರು. ಗಂಗಾವತಿಯ ಹತ್ತಿರದ ಮರಳಿ ಎಂಬ ಊರಿನಿಂದ ಅಕ್ಕನನ್ನು ನೋಡಲು ಮೂವರು: ಹುಡುಗ, ಅವನ ತಾಯಿ, ಅವನ ದೊಡ್ಡಪ್ಪ. ಭತ್ತದ ಗದ್ದೆಯವರು. ಜೋಳದ ನುಚ್ಚು ಉಂಡು ಬೆಳೆದ ನಮಗೆ ಮೂರು ಹೊತ್ತು ಅನ್ನ ಉಣ್ಣುವ ಮನೆಯೆಂದರೆ ಅರಮನೆಯೇ. ಹಿಂದಿನ ದಿನ ಅಕ್ಕ ನನ್ನ ತಲೆ ಬಾಚುತ್ತ, "ನೀ ಬಂದಾಗ ಅನ್ನಕ್ಕ ತುಪ್ಪ ಹಾಕ್ತೀನಿ," ಎಂದು ನಕ್ಕಿದ್ದಳು. ಹುಡುಗನನ್ನು ಅವಳು ಬಾಗಿಲ ಸಂದಿಯಿಂದ ಒಮ್ಮೆ ನೋಡಿದ್ದನ್ನು ನಾನೂ ನೋಡಿದೆ. ಒಪ್ಪಿದ್ದಳು.

ದೊಡ್ಡಪ್ಪ ನಗೆಮಾತಿನ ಮನುಷ್ಯ. "ನಮ್ಮ ಕಡಿ ಭತ್ತ ಹಚ್ಚುವಾಗ ಹಾಡದಿದ್ರ ಹೆಣ್ಣಮಕ್ಕಳ ಕೈ ಓಡೂದಿಲ್ರಿ. ಒಂದು ಪದಾ ಹಾಡವಾ ತಂಗಿ, ಕೇಳೂಣು," ಅಂದ.

ಅಕ್ಕ ಬಾಯಿ ತೆರೆದಳು. ಧ್ವನಿ ಬರಲಿಲ್ಲ. ಇನ್ನೊಮ್ಮೆ ತೆರೆದಳು.

"ಧ್ವನಿ ಒಳಗ ಇಟ್ಟು ಬಂದೀಯೇನವಾ?"

ಎಲ್ಲರೂ ನಕ್ಕರು. ಅವ್ವ, "ನಾಚಿಕಿ ಭಾಳರಿ ಆಕಿಗೆ. ಬೀಸಾಕ ಕುಂತ್ರ ಓಣಿನ ಬಂದು ನಿಂದರತೈತಿ," ಎಂದು ಸಮಜಾಯಿಷಿ ಹೇಳುತ್ತಿದ್ದಳು. ಅಕ್ಕನನ್ನು ಕಾಪಾಡಬೇಕೆಂದು ಎದ್ದೆನೋ, ಮೆರೆಯಬೇಕೆಂದು ಎದ್ದೆನೋ, ಇಷ್ಟು ವರ್ಷ ವಿಚಾರ ಮಾಡಿದರೂ ಬಗೆಹರಿದಿಲ್ಲ.

"ನಾ ಹಾಡ್ತೀನ್ರಿ!"

"ಭಲೇ! ಅಕ್ಕನ ಪಾಳಿ ನೀನ ಹಾಡು," ಅಂದ ದೊಡ್ಡಪ್ಪ.

ಅಕ್ಕನ ಬೀಸುವ ಪದಗಳು ನನಗೆ ಇಪ್ಪತ್ತಾದರೂ ಬರುತ್ತಿದ್ದವು. ಆದರೆ ಪೇಟೆ ಕಂಡ ಜನರ ಮುಂದೆ ಬೀಸುವ ಪದವೆ? ಗಂಟು ಬಿಚ್ಚಿ ಇಳಕಲ್ಲ ಸೀರೆ ತೆಗೆದೆ. ಗಂಡಿನ ಧ್ವನಿ, ಹೆಣ್ಣಿನ ಧ್ವನಿ ಎರಡನ್ನೂ ಹಾಡಿದೆ. ಕೊನೆಗೆ ಪ್ಲೇಟು ಮುಗಿದಾಗ ಮುಳ್ಳು ಕರಕರ ಎನ್ನುತ್ತದಲ್ಲ, ಅದನ್ನೂ ಬಿಡಲಿಲ್ಲ.

ಹೊರಗೆ ಕಟ್ಟೆಯ ಮೇಲಿದ್ದ ಯಾರೋ ಗೊಳ್ಳೆಂದು ನಕ್ಕರು. ಒಳಗೆ ಯಾರೂ ನಗಲಿಲ್ಲ. ಮೀಸೆ ತೀಡುತ್ತಿದ್ದ ದೊಡ್ಡಪ್ಪನ ಕೈ ಮೀಸೆಯ ಮೇಲೆಯೇ ನಿಂತಿತ್ತು. ಹುಡುಗ ನೆಲ ನೋಡುತ್ತಿದ್ದ. ಅವನ ತಾಯಿ ಮೆಲ್ಲಗೆ ಕೇಳಿದಳು, "ಯಾರ ಕಲಿಸ್ಯಾರವಾ ಕೂಸ ನಿನಗ ಇದನ್ನ?"

ಬಾಗಿಲ ಹತ್ತಿರ ಅಪ್ಪ ನಿಂತಿದ್ದ. ನನಗೆ ಕಂಡದ್ದು ಅಪ್ಪನಲ್ಲ, ಅಪ್ಪನ ಕೈ.

"ಅಕ್ಕ ಕಲಿಸ್ಯಾಳ್ರಿ."

ಅಕ್ಕ ತಲೆ ಎತ್ತಿ ನನ್ನನ್ನು ಒಮ್ಮೆ ನೋಡಿದಳು. ಅಪ್ಪನಿಗೆ ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದಳಲ್ಲ. ಮತ್ತೆ ತಲೆ ತಗ್ಗಿಸಿದಳು.

"ಹೋಗಿ ಹೇಳಿ ಕಳಸ್ತೀವ್ರಿ," ಎಂದು ಅವರು ಎದ್ದರು. ಮುಂದಿಟ್ಟ ಸಿಹಿ ಸಜ್ಜಕವನ್ನು ಬೆರಳಿನಿಂದಲೂ ಮುಟ್ಟಿರಲಿಲ್ಲ. ಅವರು ಹೋದ ಮೇಲೆ ಅವ್ವ ಅಕ್ಕನ ಬೆನ್ನಿಗೆ ಎರಡು ಹೊಡೆದಳು. ನನ್ನನ್ನು ಯಾರೂ ಮುಟ್ಟಲಿಲ್ಲ. ಕೂಸು, ಅದಕ್ಕೇನು ತಿಳೀತೈತಿ ಅಂದರು. ಮೂರು ತಾಟಿನ ಸಜ್ಜಕವನ್ನೂ ನಾನೇ ತಿಂದೆ. ಇದನ್ನು ಬರೆಯದೆ ಬಿಡಬಹುದಿತ್ತು.

ಮರಳಿಯಿಂದ ಯಾರೂ ಹೇಳಿ ಕಳಿಸಲಿಲ್ಲ. ಕಟ್ಟೆಯ ಮೇಲೆ ನಕ್ಕವರ ಬಾಯಿಂದ ಸುದ್ದಿ ಮೋಟಾರಿಗಿಂತ ಬೇಗ ಓಡಿತು. ಆ ಮನಿ ದೊಡ್ಡ ಹುಡುಗಿ ಹೊಲಸು ಹಾಡು ಹಾಡ್ತಾಳಂತ, ಸಣ್ಣಕಿಗೂ ಕಲಿಸ್ಯಾಳಂತ. ನೋಡಲು ಬರುತ್ತೇವೆಂದ ಇನ್ನೆರಡು ಕಡೆಯವರು ಬರಲೇ ಇಲ್ಲ. ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ನಾನು ದಿನಾ ಎದ್ದು ಅಪ್ಪನ ಮುಖ ನೋಡಿ ಹೊರಗೆ ಓಡುತ್ತಿದ್ದೆ. ನನ್ನ ಚಿಂತೆಯ ಉದ್ಯೋಗ ಶುರುವಾದದ್ದು ಹಾಗೆ.

ಅಕ್ಕನ ಹತ್ತಿರ ಇದ್ದು ಕೆಡಬಾರದೆಂದು ಅಪ್ಪ ನನ್ನನ್ನು ಶಾಲೆಗೆ ಹಾಕಿದ. ನಮ್ಮ ಓಣಿಯಲ್ಲಿ ಶಾಲೆಯ ಮುಖ ಕಂಡ ಹೆಣ್ಣುಮಕ್ಕಳು ಬೇರೆ ಇರಲಿಲ್ಲ. ಕನ್ನಡ ಬಂತು, ಆಗಿನ ಸರಕಾರದ ಭಾಷೆಯಾದ ಉರ್ದು ಬಂತು, ಮುಂದೆ ನೌಕರಿಯೂ ಬಂತು. ನಾನು ಇವತ್ತು ಉಣ್ಣುವ ಅನ್ನ ಆ ಸುಳ್ಳಿನದು.

ಅಕ್ಕನನ್ನು ಯಲಬುರ್ಗಾ ಕಡೆಯ ಒಂದು ಹಳ್ಳಿಗೆ, ಹೆಂಡತಿ ಸತ್ತ, ಕುರಿ ಕಾಯುವವನೊಬ್ಬನಿಗೆ ಎರಡನೆಯ ಸಂಬಂಧಕ್ಕೆ ಕೊಟ್ಟರು. ಕೆಟ್ಟ ಮನುಷ್ಯನಲ್ಲ. ಅಪ್ಪನ ವಯಸ್ಸಿನವನು, ಅಷ್ಟೇ. ಮದುವೆಗೆ ಮೊದಲು ಒಂದು ತಿಂಗಳು ಅಕ್ಕ ದಿನಾ ಬೀಸಿದಳು. ನೀರಿಗೆ ಹೋಗುವವರು ನಿಲ್ಲದೆ ಹೋದರು, ಏಕೆಂದರೆ ಕಲ್ಲಿನ ಸಪ್ಪಳ ಬಿಟ್ಟರೆ ಕೇಳಲು ಏನೂ ಇರಲಿಲ್ಲ.

ನನಗೆ ಹದಿನಾಲ್ಕಾದಾಗ ಅವಳ ಮನೆಗೆ ಹೋಗಿದ್ದೆ. ಮೊದಲನೆಯವಳ ಮಕ್ಕಳಿಬ್ಬರು, ಇವಳದೊಂದು ಹೆಣ್ಣುಕೂಸು. ಆ ಕೂಸು ಏನಾದರೂ ಗುನುಗಿದರೆ ಅಕ್ಕ ತಿರುಗಿ ನೋಡುತ್ತಿದ್ದಳು, ಅದು ಸುಮ್ಮನಾಗುತ್ತಿತ್ತು. ಬೆಳಿಗ್ಗೆ ಇಬ್ಬರೂ ಬೀಸುವ ಕಲ್ಲಿನ ಎದುರುಬದುರು ಕುಳಿತೆವು. ಗೂಟವನ್ನು ಇಬ್ಬರೂ ಹಿಡಿದಿದ್ದೆವು.

"ಅಕ್ಕಾ, ಮರಳಿಯವರು ಬಂದಾಗ ನಾ ಸುಳ್ಳ ಹೇಳಿದೆ."

ಕಲ್ಲು ನಾಲ್ಕೈದು ಸುತ್ತು ತಿರುಗಿತು.

"ಸುಳ್ಳೇನಲ್ಲ ಬಿಡು," ಅಂದಳು. "ನಿನ್ನ ಬಾಯಾಗ ಅದನ್ನ ಮೊದಲ ಕೇಳಿದಾಕಿ ನಾನು. ಇದು ಹಿಂತಾದ್ದೈತಿ, ಮಂದ್ಯಾಗ ಹಾಡಬಾರದು ಅಂತ ಬಿಡಿಸಿ ಹೇಳಿದ್ರ ನೀ ಹಾಡತಿದ್ದಿಲ್ಲ. ನಾಚಿಕಿ ಬಂತು ನನಗ. ನಾನ ಕಲಿಸಿದಂಗ ಆತು."

"ಹಂಗ ಅನಬ್ಯಾಡ. ಊರಿಗೆ ಹೋದಕೂಡ್ಲೆ ಅಪ್ಪಗ ಹೇಳ್ತೀನಿ."

"ಬ್ಯಾಡ." ಮೊದಲ ಸಲ ಅವಳ ಧ್ವನಿ ಗಟ್ಟಿಯಾಯಿತು. "ಅಂವಗ ವಯಸ್ಸಾಗೇತಿ. ಮಗಳು ಅಂಥಾಕಿ ಅಲ್ಲ ಅಂತ ಈಗ ಗೊತ್ತಾದ್ರ ಹೆಂಗ ತಡಕೊಂತಾನ?"

ನಾನು ಹೇಳಲಿಲ್ಲ. ಅಪ್ಪ ಹಾಗೆಯೇ ತೀರಿಹೋದ.

ಅವತ್ತು ಏನು ಮಾಡಬೇಕೆಂದು ತಿಳಿಯದೆ, ಅವಳದೇ ಒಂದು ಬೀಸುವ ಪದವನ್ನು ಎತ್ತಿದೆ. ಎರಡನೆಯ ಸಾಲಿಗೆ ಅವಳು ಸೇರಿಯಾಳೆಂದು ಕಾದೆ. ಮೂಲೆಯಲ್ಲಿ ಕುಳಿತಿದ್ದ ಕೂಸು ನನ್ನ ಬಾಯಿಯನ್ನೇ ನೋಡುತ್ತಿತ್ತು. ಅಕ್ಕ ಗೂಟ ಬಿಡಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಕಾಳು ಹಾಕು," ಅಂದಳು. "ಬರೇ ಕಲ್ಲು ತಿರಗಾಕತ್ತೈತಿ."

ನಾನು ಒಂದು ಹಿಡಿ ಜೋಳ ಹಾಕಿದೆ.